ಅಲಂಕಾರದ ಹೆಸರು ಮತ್ತು ಅಲಂಕಾರದ ಕೆಲಸ

೧

ಹೈದರಾಬಾದಿನಿಂದ ವಾಡಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ತಾಂಡೂರು, ಸೇಡಂಗಳನ್ನು ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣವೊಂದು ಬರುತ್ತದೆ. ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾದ ‘ಕವಿರಾಜಮಾರ್ಗ’ ಇಂದು ಉಪಲಬ್ಧವಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಒಂದು ಭಾಷೆಯ ಕೈಗೆ ಸಿಕ್ಕಿರುವ ಮೊದಲ ಗ್ರಂಥ ಕಥೆಯೂ ಅಲ್ಲ, ಸ್ತೋತ್ರವೂ ಅಲ್ಲ. ಕಾವ್ಯದ ಮಾತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿಚಾರಿಸುವ ಅಲಂಕಾರ ಗ್ರಂಥ. ಅದರ ಮೊದಲ ಪರಿಚ್ಛೇದ ದೋಷಾದೋಷಗಳನ್ನು, ಎರಡನೆಯದು ಶಬ್ದಾಲಂಕಾರಗಳನ್ನು, ಮೂರನೆಯದು ಅರ್ಥಾಲಂಕಾರಗಳನ್ನು ಕುರಿತದ್ದು. ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡೇ ಹೊರಟ ಗ್ರಂಥವಾದರೂ, ದಂಡಿಯ ಪಟ್ಟಿಯಲ್ಲಿ ಇಲ್ಲದ ‘ಧ್ವನಿ’ಯನ್ನು ಅದು ಒಂದು ಅಲಂಕಾರವಾಗಿ ಎಣಿಸಿಕೊಂಡಿದೆ. ಓದುಬರಹದ ಪರಿಶ್ರಮವಿಲ್ಲದೆಯೂ ಈ ನಾಡಿನ ಜನ ಕಾವ್ಯಪ್ರಯೋಗದಲ್ಲಿ ಪರಿಣತ ಬುದ್ಧಿಯುಳ್ಳವರೆಂದು ಅದು ಹೇಳುವ ಮಾತು ಪ್ರಸಿದ್ಧವೇ ಆಗಿದೆ. ಆ ಮಾತು ಕೇವಲ ನಾಡಿನ ಹೊಗಳಿಕೆಯಲ್ಲ. ಅಲಂಕಾರವೆಂಬುದು ಪಂಡಿತನ ಕೈಯಲ್ಲಿ ಹುಟ್ಟುವುದಿಲ್ಲ, ಜನರ ನಾಲಿಗೆಯಲ್ಲಿ ಮೊದಲೇ ಇರುತ್ತದೆ ಎಂಬ ತಿಳಿವು ಅದರ ಹಿಂದಿದೆ.

ಹೈದರಾಬಾದಿನ ಕನ್ನಡಿಗರು ಈ ಪರಂಪರೆಯನ್ನು ಮರೆತವರಲ್ಲ. ಕಾಚಿಗುಡದಲ್ಲಿ ಅವರು ಕಟ್ಟಿದ ಶಾಲೆಗೆ ನೃಪತುಂಗನ ಹೆಸರಿದೆ. ೧೯೧೮ರಲ್ಲಿ ಉರ್ದು ಮಾಧ್ಯಮದ ವಿಶ್ವವಿದ್ಯಾಲಯವಾಗಿ ಆರಂಭವಾದ ಉಸ್ಮಾನಿಯಾದಲ್ಲಿ ಡಿ. ಕೆ. ಭೀಮಸೇನರಾಯರಂಥವರು ಕನ್ನಡವನ್ನು ಬೋಧಿಸಿದರು. ‘ಕಾವ್ಯಾನಂದ’ ಸಿದ್ದಯ್ಯ ಪುರಾಣಿಕರಂಥ ಕವಿಗಳು ಅಲ್ಲಿ ವಿದ್ಯಾರ್ಥಿಗಳಾಗಿದ್ದರು. ಹೆಸರು ಉಳಿದಿದೆ, ಅಭಿಮಾನವೂ ಉಳಿದಿದೆ. ಆದರೆ ಕವಿರಾಜಮಾರ್ಗ ಯಾವ ಪ್ರಶ್ನೆಯನ್ನು ಕೇಳಿತೋ ಆ ಪ್ರಶ್ನೆ ಕನ್ನಡದ ತರಗತಿಗಳಲ್ಲಿ ಉಳಿದಿದೆಯೇ ಎಂಬುದು ವಿಚಾರಣೀಯ.

ಅಲಂಕಾರವನ್ನು ಕಲಿಸುವ ಕ್ರಮ ಎಲ್ಲರಿಗೂ ಪರಿಚಿತವಾದದ್ದೇ. ಲಕ್ಷಣವನ್ನು ಬಾಯಿಪಾಠ ಮಾಡುವುದು. ಲಕ್ಷ್ಯವಾಗಿ ಒಂದು ಸಾಲು ಬರೆಯುವುದು. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಎಂದು ನಾಲ್ಕು ಭಾಗ ಮಾಡುವುದು. ‘ಆದ್ದರಿಂದ ಇದು ಉಪಮಾಲಂಕಾರ’ ಎಂದು ಸಮನ್ವಯ ಮುಗಿಸುವುದು. ಪ್ರೌಢಶಾಲೆಯಲ್ಲಿ ಎರಡು ಮೂರು ಅಂಕಗಳಿಗಾಗಿ ಕಲಿತ ಈ ಸೂತ್ರವೇ ಸ್ನಾತಕೋತ್ತರ ತರಗತಿಯವರೆಗೂ ನಡೆದುಬರುತ್ತದೆ. ಅಲ್ಲಿ ಅಲಂಕಾರಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಪ್ರಶ್ನೆ ಬದಲಾಗುವುದಿಲ್ಲ. ಈ ಹೋಲಿಕೆ ಎಲ್ಲಿಂದ ಬಂತು, ಯಾರು ಯಾರಿಗೆ ಹೇಳಿದ್ದು, ಇದಿಲ್ಲದಿದ್ದರೆ ಪದ್ಯಕ್ಕೆ ಯಾವ ನಷ್ಟವಾಗುತ್ತಿತ್ತು ಎಂದು ಕೇಳುವವರು ವಿರಳ. ಹೆಸರಿಡುವುದೇ ವಿಶ್ಲೇಷಣೆ ಎಂಬ ಭಾವನೆ ಬೇರೂರಿದೆ. ಔಷಧಿಯ ಹೆಸರನ್ನು ಓದಬಲ್ಲವನು ವೈದ್ಯನಾಗುವುದಿಲ್ಲ. ಅದು ದೇಹದಲ್ಲಿ ಏನು ಮಾಡುತ್ತದೆಂದು ಬಲ್ಲವನು ವೈದ್ಯ. ಅಲಂಕಾರದ ಹೆಸರಿನಿಂದ ಅದರ ಕೆಲಸದ ಕಡೆಗೆ ಅಧ್ಯಯನ ತಿರುಗದಿದ್ದರೆ, ಶಾಸ್ತ್ರವೂ ಉಳಿಯದು, ಕಾವ್ಯವೂ ದಕ್ಕದು. ಹಾಡಿನ ವಿಷಯದಲ್ಲಂತೂ ಈ ಕೊರತೆ ಇನ್ನೂ ದೊಡ್ಡದು. ಏಕೆಂದರೆ ಹಾಡನ್ನು ಅಲಂಕಾರದ ದೃಷ್ಟಿಯಿಂದ ನೋಡಬೇಕೆಂಬ ವಿಚಾರವೇ ಹಲವರಿಗೆ ಬರುವುದಿಲ್ಲ.

೨

ಎರಡು ನಿದರ್ಶನಗಳಿಂದ ಈ ಮಾತು ಸ್ಪಷ್ಟವಾಗಬಹುದು.

ಹರಿನಾಮವನ್ನು ಕಲ್ಲುಸಕ್ಕರೆಯೆಂದು ಕರೆದು ಅದನ್ನು ಕೊಳ್ಳಲು ಜನರನ್ನು ಆಹ್ವಾನಿಸುವ ಪುರಂದರದಾಸರ ಕೀರ್ತನೆ ಕನ್ನಡ ಬಲ್ಲ ಎಲ್ಲರಿಗೂ ಗೊತ್ತು. ಯಾವ ಅಲಂಕಾರವೆಂದು ಕೇಳಿದರೆ ವಿದ್ಯಾರ್ಥಿ ತಡವಿಲ್ಲದೆ ರೂಪಕ ಎನ್ನುತ್ತಾನೆ. ನಾಮವೇ ಸಕ್ಕರೆ ಎಂಬ ಅಭೇದವನ್ನು ತೋರಿಸಿ ಸಮನ್ವಯ ಮಾಡುತ್ತಾನೆ. ಉತ್ತರ ತಪ್ಪಲ್ಲ. ಆದರೆ ಕೀರ್ತನೆಯ ಚರಣಗಳು ಮಾಡುವ ಕೆಲಸವನ್ನು ಗಮನಿಸಬೇಕು. ಈ ಸರಕನ್ನು ಎತ್ತಿನ ಬೆನ್ನಿಗೆ ಹೇರುವ ಕಷ್ಟವಿಲ್ಲ, ಇದಕ್ಕೆ ಸುಂಕದ ಕಾಟವಿಲ್ಲ, ಕೆಡುವ ಭಯವಿಲ್ಲ, ನಷ್ಟದ ಮಾತಿಲ್ಲ ಎಂದು ಅವು ಸಂತೆಯ ಸಕ್ಕರೆಯ ಒಂದೊಂದು ಗುಣವನ್ನೂ ನಿರಾಕರಿಸುತ್ತಾ ಹೋಗುತ್ತವೆ. ಪಲ್ಲವಿ ನಾಮವನ್ನು ಸಕ್ಕರೆಗೆ ಸಮಮಾಡುತ್ತದೆ. ಚರಣಗಳು ಆ ಸಮತೆಯನ್ನು ಮುರಿದು ನಾಮವನ್ನು ಮೇಲಕ್ಕೆತ್ತುತ್ತವೆ. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ರೂಪಕದ ಮಡಿಲಲ್ಲಿ ವ್ಯತಿರೇಕ ಬೆಳೆಯುತ್ತದೆ. ಉಪಮಾನಕ್ಕಿಂತ ಉಪಮೇಯದ ಆಧಿಕ್ಯವೇ ಇಲ್ಲಿ ಹೇಳಬೇಕಾದ ವಿಷಯ. ಪ್ರತಿ ಚರಣದ ಕೊನೆಗೆ ಪಲ್ಲವಿ ಮರಳಿದಾಗ ಸಕ್ಕರೆ ಮೊದಲಿನ ಸಕ್ಕರೆಯಾಗಿ ಉಳಿದಿರುವುದಿಲ್ಲ.

ಇಷ್ಟಕ್ಕೇ ವಿಷಯ ಮುಗಿಯದು. ಕೀರ್ತನೆಯ ಹೊರಮೈ ಬೀದಿಯಲ್ಲಿ ಸರಕು ಮಾರುವವನ ಕೂಗಿನದು. ಎತ್ತು, ಗೋಣಿ, ಸುಂಕ, ಲಾಭ ಇವೆಲ್ಲ ಹದಿನಾರನೆಯ ಶತಮಾನದ ವ್ಯಾಪಾರ ಜೀವನದ ಮಾತುಗಳು. ದೇವಾಲಯದ ಭಾಷೆಯನ್ನು ಬಿಟ್ಟು ಸಂತೆಯ ಭಾಷೆಯಲ್ಲಿ ಭಕ್ತಿಯನ್ನು ಹೇಳುವುದೆಂದರೆ, ಆ ಭಕ್ತಿ ಯಾರಿಗೆ ಸಲ್ಲಬೇಕು ಎಂಬುದನ್ನೂ ಹೇಳಿದಂತೆಯೇ. ಉಪಮಾನವನ್ನು ಆರಿಸುವುದು ಕೇಳುಗರನ್ನು ಆರಿಸುವುದಾಗಿದೆ. ಚಾರ್‌ಮಿನಾರಿನ ಸುತ್ತಿನ ಬೀದಿಗಳಲ್ಲಿ ತಳ್ಳುಗಾಡಿಯವರ ಕೂಗನ್ನು ನಿತ್ಯ ಕೇಳುವ ಹೈದರಾಬಾದಿನ ವಿದ್ಯಾರ್ಥಿಗೆ ಈ ಕೀರ್ತನೆಯ ಜೀವ ಎಲ್ಲಿದೆಯೆಂದು ತಿಳಿಸಲು ದೊಡ್ಡ ವ್ಯಾಖ್ಯಾನ ಬೇಕಿಲ್ಲ. ಅದನ್ನು ಕೇಳುವಂತೆ ಮಾಡಿದರೆ ಸಾಕು. ‘ರೂಪಕ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವವನಿಗೆ ಇದಾವುದೂ ದೊರೆಯುವುದಿಲ್ಲ.

ಎರಡನೆಯ ನಿದರ್ಶನ ಬೇಂದ್ರೆಯವರ ‘ಬೆಳಗು’. ೧೯೩೨ರ ‘ಗರಿ’ ಸಂಕಲನದ ಈ ಪದ್ಯವನ್ನು ಪುಟ್ಟಣ್ಣ ಕಣಗಾಲರು ೧೯೬೭ರ ‘ಬೆಳ್ಳಿಮೋಡ’ ಚಿತ್ರದಲ್ಲಿ ಬಳಸಿದ ಮೇಲೆ ಅದು ಮನೆಮನೆಯ ಹಾಡಾಯಿತು. ಮುಂಜಾವನ್ನು ಪದ್ಯ ಒಂದರ ಮೇಲೊಂದು ರೂಪಕಗಳಿಂದ ಕಟ್ಟುತ್ತದೆ. ಅವುಗಳಲ್ಲಿ ಬಹುಪಾಲು ಮನೆ, ಬಾಗಿಲು, ನೀರು ಎಂಬ ಗೃಹಕೃತ್ಯದ ಲೋಕಕ್ಕೆ ಸೇರಿದವು. ಆಕಾಶದ ವ್ಯಾಪಾರವೊಂದು ಅಂಗಳದ ವ್ಯಾಪಾರವಾಗಿ ಹತ್ತಿರ ಬರುತ್ತದೆ. ಇಲ್ಲಿಯವರೆಗೆ ರೂಪಕವೆಂಬ ಹೆಸರು ಸಾಕಾಗುತ್ತದೆ. ಆದರೆ ಪದ್ಯದ ಕೊನೆಯಲ್ಲಿ, ಅಷ್ಟು ಹೊತ್ತು ಬಣ್ಣಿಸಿದ್ದು ಮುಂಜಾವು ಮಾತ್ರವೇ ಎಂಬುದನ್ನೇ ಕವಿ ಒಪ್ಪದೆ ಹೋಗುತ್ತಾನೆ. ವಿದ್ಯಾರ್ಥಿಗೆ ಅಪಹ್ನುತಿಯ ಲಕ್ಷಣ ನೆನಪಾಗಬೇಕು: ಉಪಮೇಯವನ್ನು ನಿರಾಕರಿಸಿ ಉಪಮಾನವನ್ನು ಸ್ಥಾಪಿಸುವುದು ಅಪಹ್ನುತಿ. ಇಲ್ಲಿ ನಿರಾಕರಣೆಯಿದೆ, ಸ್ಥಾಪನೆಯಿಲ್ಲ. ಇದು ಬೆಳಗಷ್ಟೇ ಅಲ್ಲವಾದರೆ ಇನ್ನೇನು ಎಂಬುದನ್ನು ಕವಿ ಹೇಳುವುದಿಲ್ಲ. ಆ ಜಾಗವನ್ನು ಖಾಲಿ ಬಿಡುತ್ತಾನೆ. ಅಪಹ್ನುತಿಯ ಲಕ್ಷಣವನ್ನು ಬಲ್ಲವನಿಗೆ ಮಾತ್ರ ಈ ಖಾಲಿ ಜಾಗ ಕಾಣಿಸುತ್ತದೆ. ಶಾಸ್ತ್ರದ ನಿಜವಾದ ಉಪಯೋಗ ಇದು. ಪದ್ಯ ಲಕ್ಷಣಕ್ಕೆ ಎಲ್ಲಿ ಹೊಂದಿಕೊಂಡಿದೆ ಎಂಬುದಕ್ಕಿಂತ ಎಲ್ಲಿ ಅದನ್ನು ದಾಟಿದೆ ಎಂಬುದನ್ನು ತೋರಿಸಿಕೊಡುವ ಗೆರೆ ಅದು. ಧ್ವನಿಯನ್ನು ಅಲಂಕಾರಗಳ ನಡುವೆಯೇ ಇರಿಸಿದ ಶ್ರೀವಿಜಯನ ಕ್ರಮವನ್ನು ಅಪಕ್ವವೆಂದು ಕಡೆಗಣಿಸುವ ಮುನ್ನ, ಹೇಳಿದ ಅಲಂಕಾರ ಹೇಳದ ಅರ್ಥಕ್ಕೆ ಹೇಗೆ ಬಾಗಿಲಾಗುತ್ತದೆಂದು ತೋರುವ ಇಂಥ ಪದ್ಯಗಳನ್ನು ನೆನೆಯುವುದು ಒಳ್ಳೆಯದು.

೩

ಹಾಡಿನಲ್ಲಿ ಅಲಂಕಾರ ಪುಟದ ಮೇಲಿನ ಅಲಂಕಾರದಂತೆ ಇರುವುದಿಲ್ಲ. ಪುಟದ ಮೇಲಿನ ಹೋಲಿಕೆಯ ಮುಂದೆ ಓದುಗ ನಿಲ್ಲಬಹುದು, ಹಿಂದಕ್ಕೆ ಹೋಗಬಹುದು. ಹಾಡು ನಿಲ್ಲುವುದಿಲ್ಲ, ಅದರ ಬದಲು ಮರಳಿ ಬರುತ್ತದೆ. ಪಲ್ಲವಿಯ ಪುನರಾವೃತ್ತಿ ಹಾಡಿನ ವಿಶ್ಲೇಷಣೆಯಲ್ಲಿ ಮೊದಲು ಗಮನಿಸಬೇಕಾದ ಸಂಗತಿ. ದಂಡಿ ‘ಆವೃತ್ತಿ’ಯನ್ನು ಪ್ರತ್ಯೇಕ ಅಲಂಕಾರವೆಂದೇ ಎಣಿಸಿದ. ಒಂದೆಡೆ ಇಟ್ಟ ಪದ ದೀಪದಂತೆ ಹಲವು ವಾಕ್ಯಗಳನ್ನು ಬೆಳಗುವುದು ದೀಪಕಾಲಂಕಾರ. ಆ ಪದ ಆದಿ, ಮಧ್ಯ, ಅಂತ್ಯ ಎಲ್ಲಿಯಾದರೂ ಇರಬಹುದು. ಉರ್ದು ಗಜಲಿನ ಪ್ರತಿಯೊಂದು ಶೇರಿನ ಕೊನೆಯಲ್ಲಿ ಮರಳಿ ಬರುವ ‘ರದೀಫ್’ ಎಂಬ ಪದ ಅಥವಾ ಪದಗುಚ್ಛ ಹೆಚ್ಚುಕಡಿಮೆ ಅಂತ್ಯದೀಪಕದ ಕೆಲಸವನ್ನೇ ಮಾಡುತ್ತದೆ. ಪದ ಅದೇ, ಪ್ರತಿ ಸಲವೂ ಅದು ಬೆಳಗುವ ವಸ್ತು ಬೇರೆ. ದಾಸರ ಪಲ್ಲವಿಯೂ ತತ್ವಪದದ ಪಲ್ಲವಿಯೂ ಇದೇ ಜಾತಿಯವು. ಕನ್ನಡದ ವಿದ್ಯಾರ್ಥಿ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹಾಡಿನ ಅಲಂಕಾರಶಾಸ್ತ್ರಕ್ಕೆ ಒಂದು ತಳಹದಿ ಸಿಕ್ಕಂತಾಗುತ್ತದೆ.

ತತ್ವಪದಗಳ ನಾಡು ಹೈದರಾಬಾದಿಗೆ ದೂರವಲ್ಲ. ಕಡಕೋಳ ಮಡಿವಾಳಪ್ಪನವರ ಕಲಬುರಗಿ ಸೀಮೆ ೧೯೪೮ರವರೆಗೆ ನಿಜಾಮರ ಆಡಳಿತದಲ್ಲಿತ್ತು. ೧೯೫೬ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಈ ಪದಗಳಲ್ಲಿ ಹೊಲ, ಬೀಜ, ಕೂರಿಗೆ, ಗಾಡಿ, ಬಟ್ಟೆಯ ನೇಯ್ಗೆ ಮುಂತಾದ ದುಡಿಮೆಯ ಲೋಕವೆಲ್ಲ ಸಾಧನೆಯ ಪರಿಭಾಷೆಯಾಗುತ್ತದೆ. ಅಲ್ಲಮಪ್ರಭುವಿನ ಬೆಡಗಿನ ವಚನ, ಕನಕದಾಸರ ಮುಂಡಿಗೆ, ಶಿಶುನಾಳ ಶರೀಫರ ಪದಗಳಲ್ಲಿ ಬರುವ ವಿಪರೀತದ ಚಿತ್ರಗಳು ಇವೆಲ್ಲ ಒಂದೇ ಕುಲದವು. ಇವುಗಳಲ್ಲಿ ಉಪಮೇಯ ಮರೆಯಾಗಿ ಉಪಮಾನ ಮಾತ್ರ ಉಳಿದಿರುತ್ತದೆ. ಅಲ್ಲದೆ ಆ ಉಪಮಾನವೂ ಲೋಕಕ್ಕೆ ವಿರುದ್ಧವಾಗಿರುತ್ತದೆ. ಸಣ್ಣದು ದೊಡ್ಡದನ್ನು ನುಂಗುತ್ತದೆ, ಸತ್ತದ್ದು ಮಾತನಾಡುತ್ತದೆ.

ಇವುಗಳನ್ನು ಬಿಡಿಸಲು ಹಿಂದಿನ ಟೀಕಾಕಾರರು ಒಂದು ದಾರಿ ಹಿಡಿದರು. ಇಂಥ ಪ್ರಾಣಿಯೆಂದರೆ ಮನಸ್ಸು, ಇಂಥ ಮರವೆಂದರೆ ದೇಹ, ಇಂಥ ಊರೆಂದರೆ ಸಂಸಾರ ಎಂದು ಒಂದಕ್ಕೊಂದು ಸಮಮಾಡುವ ಕೋಶವನ್ನು ಅವರು ಕಟ್ಟಿದರು. ಆ ಟೀಕೆಗಳು ಇಲ್ಲದಿದ್ದರೆ ಎಷ್ಟೋ ವಚನಗಳು ಇಂದು ಮುಚ್ಚಿದ ಬಾಗಿಲುಗಳಾಗಿಯೇ ಇರುತ್ತಿದ್ದವು. ಆದರೆ ಕೋಶ ಸಿಕ್ಕಿದೊಡನೆ ಬೆಡಗು ಮುಗಿಯಿತು ಎಂದುಕೊಳ್ಳುವುದು ತಪ್ಪು. ದೇಹವನ್ನು ದೇಹವೆಂದೇ ಹೇಳಲು ಅಲ್ಲಮನಿಗೆ ಅಡ್ಡಿಯೇನಿರಲಿಲ್ಲ. ಹಾಗೆ ಹೇಳದೆ ಕೇಳುಗನನ್ನು ಗಲಿಬಿಲಿಗೊಳಿಸಿದ್ದು, ತಿಳಿದಿದ್ದೇನೆಂಬ ಅವನ ಭ್ರಮೆಯನ್ನು ಕದಲಿಸುವುದಕ್ಕಾಗಿ. ಗಲಿಬಿಲಿಯೇ ಅಲ್ಲಿನ ಅರ್ಥದ ಮೊದಲ ಭಾಗ. ಟೀಕೆ ಆ ಗಲಿಬಿಲಿಯನ್ನು ತೆಗೆದುಹಾಕಿ ಉತ್ತರವನ್ನು ಮಾತ್ರ ಉಳಿಸಿದರೆ, ಒಗಟನ್ನು ಕೇಳದೆ ಉತ್ತರವನ್ನು ಮಾತ್ರ ಕಲಿತಂತಾಗುತ್ತದೆ.

ಹಾಡುವ ಸಂದರ್ಭ ಬದಲಾದರೆ ಅಲಂಕಾರದ ಕೆಲಸವೂ ಬದಲಾಗುತ್ತದೆ. ಏಕತಾರಿಯ ಮುಂದೆ, ಭಜನೆಯ ಮನೆಯಲ್ಲಿ, ಗುರುವಿದ್ದಾಗ ಹಾಡಿದ ತತ್ವಪದದಲ್ಲಿ ಬೆಡಗು ಒಂದು ಪ್ರಶ್ನೆ. ಹಾಡು ನಿಂತ ಮೇಲೆ ಅದರ ಅರ್ಥದ ಮಾತು ಶುರುವಾಗುತ್ತದೆ. ಸಿ. ಅಶ್ವತ್ಥರ ಕಂಠದಲ್ಲಿ ಶರೀಫರ ಪದಗಳು ನಾಡೆಲ್ಲ ಹಬ್ಬಿದವು, ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ೧೯೯೦ರಲ್ಲಿ ತೆರೆಗೆ ಬಂತು. ಇದರಿಂದ ಆ ಪದಗಳಿಗೆ ಹೊಸ ಆಯುಷ್ಯ ಬಂದದ್ದು ನಿಜ. ಆದರೆ ಧ್ವನಿಸುರುಳಿಯಲ್ಲಿ ಕೇಳುವವನಿಗೆ ಉತ್ತರ ಕೇಳುವ ಗುರುವಿಲ್ಲ, ಕೂಡಿ ವಿಚಾರಿಸುವ ಬಳಗವಿಲ್ಲ. ಅಲ್ಲಿ ಬೆಡಗು ಪ್ರಶ್ನೆಯಾಗಿ ಉಳಿಯದೆ ವಿನೋದವಾಗುತ್ತದೆ. ಇದನ್ನು ಅವನತಿ ಎಂದು ಹೇಳಿ ಬಿಡುವುದು ಸುಲಭ. ಅದೇ ಮಾತು ಒಂದೆಡೆ ಒಗಟಾಗಿ, ಇನ್ನೊಂದೆಡೆ ವಿನೋದವಾಗಿ ಹೇಗೆ ನಡೆಯುತ್ತದೆಂದು ತೋರಿಸುವುದು ವಿದ್ವತ್ತಿನ ಕೆಲಸ.

ಚಲನಚಿತ್ರದ ಹಾಡಿನಲ್ಲಿ ಮತ್ತೊಂದು ಸಮಸ್ಯೆಯಿದೆ. ಪದ್ಯ ಹೂವನ್ನು ಉಪಮಾನವಾಗಿ ತಂದರೆ ಕ್ಯಾಮೆರಾ ನಿಜವಾದ ಹೂವನ್ನೇ ತೋರಿಸಿಬಿಡುತ್ತದೆ. ಮನಸ್ಸಿನಲ್ಲಿ ಮೂಡಬೇಕಾದದ್ದು ಕಣ್ಣೆದುರಿಗೆ ಬಂದು ನಿಂತಾಗ ಉಪಮಾನ ಹಿನ್ನೆಲೆಯ ದೃಶ್ಯವಾಗಿ ಇಳಿದುಬಿಡುತ್ತದೆ. ಆದರೂ ಕೆಲವು ಹಾಡುಗಳು ಇದನ್ನು ಗೆಲ್ಲುತ್ತವೆ. ಹೈದರಾಬಾದಿನ ಸಿಟಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ, ತೆಲಂಗಾಣ ರೈತ ಹೋರಾಟದಲ್ಲಿ ಪಾಲ್ಗೊಂಡಿದ್ದ ಕವಿ ಮಖ್ದೂಮ್ ಮೊಹಿಯುದ್ದೀನರು ೧೯೬೯ರಲ್ಲಿ ತೀರಿಕೊಂಡರು. ಅವರ ಗಜಲೊಂದು ೧೯೮೨ರಲ್ಲಿ ಖಯ್ಯಾಮರ ಸಂಗೀತದೊಡನೆ ‘ಬಾಜಾರ್’ ಚಿತ್ರದಲ್ಲಿ ಸೇರಿತು. ಹುಡುಗಿಯರು ಮದುವೆಯ ಹೆಸರಿನಲ್ಲಿ ಮಾರಾಟವಾಗುವ ಹೈದರಾಬಾದಿನ ಕಥೆ ಆ ಚಿತ್ರದ್ದು. ಪುಟದ ಮೇಲೆ ಪ್ರೇಮದ ಸಂಭ್ರಮವಾಗಿದ್ದ ಇರುಳು ಮತ್ತು ಹೂಗಳು ಆ ಕಥೆಯ ನಡುವೆ ಬಂದಾಗ, ಇನ್ನು ಸ್ವಲ್ಪ ಹೊತ್ತಿನಲ್ಲಿ ಕೈತಪ್ಪಿ ಹೋಗುವ ಸುಖದ ಗುರುತುಗಳಾಗುತ್ತವೆ. ಅಕ್ಷರ ಬದಲಾಗಿಲ್ಲ, ಅಲಂಕಾರದ ಹೆಸರೂ ಬದಲಾಗಿಲ್ಲ. ಸಂದರ್ಭ ಅದರ ಅರ್ಥವನ್ನು ಬೇರೆ ಮಾಡಿದೆ. ಚಿತ್ರಗೀತೆ ಶಾಸ್ತ್ರವಿಚಾರಕ್ಕೆ ಯೋಗ್ಯವಲ್ಲ ಎನ್ನುವವರು ಇಂಥ ಸೂಕ್ಷ್ಮವನ್ನು ಯಾವ ಶಾಸ್ತ್ರದಿಂದ ವಿವರಿಸುತ್ತಾರೆಂದು ಹೇಳಬೇಕಾಗುತ್ತದೆ.

೪

ಹೈದರಾಬಾದಿನಲ್ಲಿ ಕನ್ನಡ ಓದುವ ವಿದ್ಯಾರ್ಥಿಗೆ ಬೇರೆಡೆಯ ವಿದ್ಯಾರ್ಥಿಗಳಿಗೆ ಇಲ್ಲದ ಅನುಕೂಲವೊಂದಿದೆ. ಮೂರು ಅಲಂಕಾರ ಪರಂಪರೆಗಳು ಕೂಡುವ ನೆಲ ಇದು. ಪಶ್ಚಿಮಕ್ಕೆ ಮಾನ್ಯಖೇಟದ ಕವಿರಾಜಮಾರ್ಗ. ಈಶಾನ್ಯಕ್ಕೆ ಓರುಗಲ್ಲು, ಕಾಕತೀಯ ಪ್ರತಾಪರುದ್ರನ ಆಸ್ಥಾನದಲ್ಲಿ ವಿದ್ಯಾನಾಥ ರಚಿಸಿದ ‘ಪ್ರತಾಪರುದ್ರೀಯ’ ದಕ್ಷಿಣದ ಅಲಂಕಾರ ವ್ಯಾಸಂಗದಲ್ಲಿ ಬಹುಕಾಲ ಪಠ್ಯವಾಗಿತ್ತು. ಊರಿನೊಳಗೇ ಗೋಲ್ಕೊಂಡ, ಅಲ್ಲಿ ಫಾರಸಿಯಿಂದ ಬಂದ ‘ಇಲ್ಮ್-ಎ-ಬಯಾನ್’, ಅಂದರೆ ಉಕ್ತಿಯ ಶಾಸ್ತ್ರ. ಅದರಲ್ಲಿ ತಶ್ಬೀಹ್, ಇಸ್ತಿಆರಾ, ಮಜಾಜ್-ಎ-ಮುರ್ಸಲ್, ಕಿನಾಯಾ ಎಂದು ನಾಲ್ಕು ವಿಭಾಗಗಳು. ತಶ್ಬೀಹ್ ಉಪಮೆಗೆ ಸಮ. ಇಸ್ತಿಆರಾವನ್ನು ರೂಪಕವೆಂದು ಅನುವಾದಿಸುವುದು ವಾಡಿಕೆ. ಆದರೆ ಅದರಲ್ಲಿ ಹೋಲಿಕೆಯ ಎರಡು ಪಕ್ಷಗಳಲ್ಲಿ ಒಂದೇ ಉಳಿಯುವುದರಿಂದ, ಉಪಮಾನ ಉಪಮೇಯವನ್ನು ನುಂಗಿಬಿಡುವ ಅತಿಶಯೋಕ್ತಿಯ ಬಗೆಗೇ ಅದು ಹತ್ತಿರ. ಸಾದೃಶ್ಯವಲ್ಲದ ಸಂಬಂಧದಿಂದ ಒಂದಕ್ಕೆ ಇನ್ನೊಂದರ ಹೆಸರು ಹೇಳುವ ಮಜಾಜ್-ಎ-ಮುರ್ಸಲ್ ನಮ್ಮ ಶಾಸ್ತ್ರದ ಲಕ್ಷಣಾವೃತ್ತಿಯ ಪಕ್ಕದ್ದು. ಇಂಥ ತೂಗಿನೋಟದಿಂದ ಎರಡೂ ಶಾಸ್ತ್ರಗಳು ಬೆಳಕಿಗೆ ಬರುತ್ತವೆ.

ಶಾಸ್ತ್ರಕ್ಕಿಂತ ಮುಖ್ಯವಾದದ್ದು ಉಪಮಾನಗಳ ಲೋಕ. ದೀಪ ಮತ್ತು ಪತಂಗದ ಚಿತ್ರವನ್ನೇ ನೋಡಬಹುದು. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಉರಿಯುವ ಬೆಂಕಿಗೆ ಬೀಳುವ ಪತಂಗಗಳು ವಿನಾಶಕ್ಕೆ ನುಗ್ಗುವವರ ಉಪಮಾನ. ಭಾಗವತದ ಅವಧೂತನಿಗೆ ಗುರುಗಳಾದ ಇಪ್ಪತ್ತನಾಲ್ಕು ಮಂದಿಯಲ್ಲಿ ಪತಂಗವೂ ಒಂದು. ಅದು ಕಲಿಸುವ ಪಾಠ, ರೂಪಕ್ಕೆ ಮರುಳಾದವನು ಕೆಡುತ್ತಾನೆ ಎಂಬುದು. ಕನ್ನಡದ ಕಾವ್ಯಕ್ಕೆ ಬಂದ ಪತಂಗ ಹೆಚ್ಚಾಗಿ ಈ ಮನೆಯದು. ಫಾರಸಿ ಮತ್ತು ಉರ್ದು ಕಾವ್ಯದ ಪರವಾನಾ ಬೇರೆ. ಅತ್ತಾರನ ‘ಮಂತಿಕುತ್ತೈರ್’ ಕಾವ್ಯದಲ್ಲಿ ಜ್ವಾಲೆಯನ್ನು ನಿಜವಾಗಿ ಅರಿತದ್ದು ಅದರಲ್ಲಿ ಉರಿದುಹೋದ ಪತಂಗ ಒಂದೇ. ಅಲ್ಲಿ ಉರಿಯುವುದು ಮೋಹವಲ್ಲ, ಅನುಭಾವದ ಪರಾಕಾಷ್ಠೆ. ಅದೇ ದೀಪ, ಅದೇ ಹುಳು, ಅದೇ ಸಾವು. ಒಂದು ಪರಂಪರೆಯಲ್ಲಿ ಎಚ್ಚರಿಕೆ, ಇನ್ನೊಂದರಲ್ಲಿ ಆದರ್ಶ. ಎರಡನ್ನೂ ‘ರೂಪಕ’ ಎಂದು ಬರೆದರೆ ಪೂರ್ಣ ಅಂಕ ಸಿಗಬಹುದು. ಆದರೆ ತಿಳಿಯಬೇಕಾದದ್ದೆಲ್ಲ ತಿಳಿಯದೆಯೇ ಉಳಿಯುತ್ತದೆ. ಮನೆಯಲ್ಲಿ ದಾಸರ ಪದ, ಬೀದಿಯಲ್ಲಿ ಕವ್ವಾಲಿ ಕೇಳಿ ಬೆಳೆದ ಹೈದರಾಬಾದಿನ ಹುಡುಗ ಅಥವಾ ಹುಡುಗಿಗೆ ಈ ಎರಡು ಪತಂಗಗಳೂ ಗೊತ್ತು. ಆ ತಿಳಿವನ್ನು ತರಗತಿಯ ಹೊರಗೆ ಬಿಟ್ಟು ಬರುವಂತೆ ಮಾಡಿರುವುದು ಕಲಿಸುವ ಕ್ರಮದ ದೋಷ.

ಇದೇ ದೃಷ್ಟಿಯಿಂದ ಕನ್ನಡದ ಗಜಲ್‌ಗಳನ್ನೂ ನೋಡಬೇಕಾಗಿದೆ. ರಾಯಚೂರಿನ ಶಾಂತರಸರು ಉರ್ದು ಕಾವ್ಯವನ್ನು ಮೂಲದಲ್ಲಿ ಬಲ್ಲವರಾಗಿ ಈ ಪ್ರಕಾರಕ್ಕೆ ಕನ್ನಡದಲ್ಲಿ ನೆಲೆ ಒದಗಿಸಿದರು. ಅನಂತರ ಬರೆದವರ ಸಂಖ್ಯೆ ದೊಡ್ಡದು. ಸಾಕಿ, ಮಧುಶಾಲೆ, ಬಟ್ಟಲುಗಳೂ ಧಾರಾಳ. ಆದರೆ ಉರ್ದುವಿನ ಮಧುಶಾಲೆ ಒಂಟಿಯಾಗಿ ನಿಂತ ಉಪಮಾನವಲ್ಲ. ಅದರ ಎದುರಿಗೆ ಮಸೀದಿಯಿದೆ; ಕುಡಿಯುವವನ ಎದುರಿಗೆ ಉಪದೇಶ ಮಾಡುವ ಶೇಖ್ ಇದ್ದಾನೆ. ಬಾಹ್ಯಾಚಾರ ಮತ್ತು ಅಂತರಂಗದ ಉನ್ಮಾದಗಳ ನಡುವಿನ ಜಗಳದಿಂದ ಆ ಮದ್ಯಕ್ಕೆ ಅರ್ಥ ಬಂದಿದೆ. ಎದುರಾಳಿಯನ್ನು ಬಿಟ್ಟು ಮಧುಶಾಲೆಯನ್ನು ಮಾತ್ರ ಕನ್ನಡಕ್ಕೆ ತಂದರೆ ಉಳಿಯುವುದು ಹೆಂಡದಂಗಡಿ ಮಾತ್ರ. ಅಂಥದೇ ಜಗಳ ಕನ್ನಡದಲ್ಲಿ ಇಲ್ಲದಿಲ್ಲ. ಸ್ಥಾವರ ಮತ್ತು ಜಂಗಮಗಳ ವಿರೋಧವನ್ನು ವಚನಕಾರರು ಹನ್ನೆರಡನೆಯ ಶತಮಾನದಲ್ಲಿಯೇ ಕಟ್ಟಿದ್ದರು. ಉಪಮಾನವೆಂಬುದು ಒಂದು ಪದವಲ್ಲ, ಒಂದು ವ್ಯವಸ್ಥೆ. ಒಂದು ಕಂಬವನ್ನು ಕಿತ್ತು ತಂದರೆ ಮನೆ ಬರುವುದಿಲ್ಲ.

ಇದನ್ನು ಗೋಲ್ಕೊಂಡದ ಹಳೆಯ ಕವಿಗಳು ಅರಿತಿದ್ದರು. ೧೫೮೦ರಿಂದ ೧೬೧೨ರವರೆಗೆ ಆಳಿದ, ಹೈದರಾಬಾದ್ ನಗರವನ್ನು ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಷಾಹ್ ತನ್ನ ದಖನಿ ಪದ್ಯಗಳಲ್ಲಿ ವಸಂತ, ಮಳೆಗಾಲ, ಈ ನೆಲದ ಹಬ್ಬಗಳನ್ನು ಹಾಡಿದ. ಹಳೆಯ ದಖನಿಯಲ್ಲಿ ಪ್ರೇಮವನ್ನು ಹೆಣ್ಣಿನ ದನಿಯಲ್ಲಿ ಹೇಳುವುದು ಸಾಮಾನ್ಯ; ಫಾರಸಿಯ ರೂಢಿಗಿಂತ ಅದು ಶರಣಸತಿ-ಲಿಂಗಪತಿ ಭಾವದ ನೆರೆಯಲ್ಲಿದೆ. ವಜ್ಹಿಯ ‘ಸಬ್ ರಸ್’ (೧೬೩೫) ಬುದ್ಧಿ, ಪ್ರೇಮ, ಹೃದಯ, ಸೌಂದರ್ಯಗಳನ್ನು ಪಾತ್ರಗಳನ್ನಾಗಿ ಮಾಡಿಕೊಂಡ ದಖನಿ ಗದ್ಯಕೃತಿ. ಕಥೆಯ ಬೀಜ ಫಾರಸಿಯದಾದರೂ ಹೆಸರಿನಲ್ಲಿ ‘ರಸ’ವಿದೆ. ಇದರ ಪಕ್ಕದಲ್ಲಿ ರಾಗಿ ಮತ್ತು ಭತ್ತಗಳ ವಾದದ ಮೂಲಕ ಮೇಲುಕೀಳಿನ ವಿಚಾರ ಮಾಡುವ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಇಟ್ಟರೆ, ಅನ್ಯೋಕ್ತಿ ಒಂದು ಪದ್ಯದ ಅಲಂಕಾರದಿಂದ ಇಡೀ ಕೃತಿಯ ಶರೀರವಾಗಿ ಬೆಳೆಯುವ ಎರಡು ದಾರಿಗಳು ಕಾಣುತ್ತವೆ. ಒಂದರಲ್ಲಿ ಮನಸ್ಸಿನ ಗುಣಗಳು ಅರಮನೆಯ ಜನರಾಗುತ್ತವೆ. ಇನ್ನೊಂದರಲ್ಲಿ ಕಣದ ಕಾಳುಗಳು ಸಭೆಯಲ್ಲಿ ನಿಂತು ಮಾತನಾಡುತ್ತವೆ. ಮೊಹರಮ್ ಹೊತ್ತಿನಲ್ಲಿ ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಕಥೆ ಕನ್ನಡದ ಹಳ್ಳಿಯ ಮಾತಿನಲ್ಲಿ ಹಾಡಾಗುತ್ತದೆ. ಇವಾವುವೂ ಅಲಂಕಾರದ ಪಠ್ಯದಲ್ಲಿ ಲಕ್ಷ್ಯಗಳಾಗಿ ಬಂದಿಲ್ಲ.

೫

ಈ ವಾದಕ್ಕೆ ಆಕ್ಷೇಪಗಳು ಎರಡು ಕಡೆಯಿಂದ ಬರಬಹುದು. ಅಲಂಕಾರಶಾಸ್ತ್ರ ಸಂಸ್ಕೃತದ ಹೊರೆ, ಅದನ್ನು ಇಳಿಸಿ ಕಾವ್ಯವನ್ನು ನೇರವಾಗಿ ಓದಬೇಕು ಎಂಬುದು ಒಂದು. ನೇರ ಓದು ಬೇಕಾದದ್ದೇ. ಆದರೆ ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸಲು ಪರಿಭಾಷೆ ಬೇಕು. ರಿಚರ್ಡ್ಸ್ ೧೯೩೬ರಲ್ಲಿ ರೂಪಕದ ಎರಡು ಪಕ್ಷಗಳಿಗೆ ಇಂಗ್ಲಿಷಿನಲ್ಲಿ ಹೊಸ ಹೆಸರುಗಳನ್ನು ಕೊಟ್ಟು, ಅರ್ಥ ಹುಟ್ಟುವುದು ಅವೆರಡರ ಪರಸ್ಪರ ವ್ಯಾಪಾರದಿಂದ ಎಂದಾಗ ಅಲ್ಲಿ ಅದು ಹೊಸ ಮಾತಾಯಿತು. ಆ ಎರಡು ಪಕ್ಷಗಳಿಗೆ ಕನ್ನಡದಲ್ಲಿ ಸಾವಿರ ವರ್ಷಗಳಿಂದ ಹೆಸರ‍ುಗಳಿದ್ದವು. ೧೯೮೦ರಲ್ಲಿ ಲೇಕಾಫ್ ಮತ್ತು ಜಾನ್ಸನ್ ದಿನಬಳಕೆಯ ಮಾತೇ ರೂಪಕಗಳಿಂದ ಕಟ್ಟಿದ್ದೆಂದು ವಾದಿಸಿದರು. ಮಾತು ಬೆಳೆಯುವುದು, ಮಾತು ಮುರಿಯುವುದು, ಹೊಟ್ಟೆ ಉರಿಯುವುದು, ಕಣ್ಣು ಕಟ್ಟುವುದು ಎಂಬ ಕನ್ನಡದ ನುಡಿಗಟ್ಟುಗಳನ್ನು ರೂಢಿಲಕ್ಷಣೆಯೆಂದು ಹಿಂದಿನವರು ಗುರುತಿಸುತ್ತಿದ್ದ ಬಗೆಗೆ ಈ ವಾದ ದೂರದ್ದಲ್ಲ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಶಾಸ್ತ್ರವನ್ನು ಆಧುನಿಕ ಓದುಗನ ಕೈಗೆ ಎಟುಕಿಸಿದ ಮೇಲೆ, ಅದನ್ನು ಬಳಸದಿರುವುದು ಶಾಸ್ತ್ರದ ತಪ್ಪಲ್ಲ.

ಎರಡನೆಯ ಆಕ್ಷೇಪ ಪರೀಕ್ಷೆಯ ಕಡೆಯಿಂದ ಬರುವುದು. ಲಕ್ಷಣಕ್ಕೆ ಅಂಕ ಕೊಡುವುದು ಸುಲಭ, ಕೆಲಸಕ್ಕೆ ಅಂಕ ಕೊಡುವುದು ಹೇಗೆ ಎಂಬುದು. ಇದು ನಿಜವಾದ ಕಷ್ಟ. ಆದರೆ ಪ್ರಶ್ನೆಪತ್ರಿಕೆಯಲ್ಲಿ ‘ಅಲಂಕಾರವನ್ನು ಹೆಸರಿಸಿ’ ಎಂಬ ಒಂದು ವಾಕ್ಯದ ಬಳಿಕ ‘ಈ ಹೋಲಿಕೆಯ ಬದಲು ಇನ್ನೊಂದನ್ನು ಇಟ್ಟರೆ ಏನು ಬದಲಾಗುತ್ತದೆ?’ ಎಂಬ ಇನ್ನೊಂದು ವಾಕ್ಯವನ್ನು ಸೇರಿಸಲು ಯಾವ ನಿಯಮವೂ ಅಡ್ಡಬರುವುದಿಲ್ಲ.

ಇದಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇದೆ. ಉಪಮಾನ ಬದುಕಿರುವುದು ವಸ್ತು ಬದುಕಿರುವವರೆಗೆ. ಕೂರಿಗೆಯನ್ನು ಕಾಣದವನಿಗೆ ಬಿತ್ತನೆಯ ತತ್ವಪದ ಪದಕೋಶದ ವಿಷಯ. ಬೀಸುವ ಕಲ್ಲಿನ ದನಿ ಕೇಳದವಳಿಗೆ ಬೀಸುವ ತ್ರಿಪದಿಯ ಲಯ ಬರಿಯ ಛಂದಸ್ಸು. ಹೈದರಾಬಾದಿನ ಕನ್ನಡ ಮನೆಗಳಲ್ಲಿ ಈ ನಷ್ಟ ಇಮ್ಮಡಿ. ಅಲ್ಲಿ ಮಗುವಿಗೆ ಕನ್ನಡ ಮನೆಯ ಮಾತು, ತೆಲುಗು ಮತ್ತು ದಖನಿ ಬೀದಿಯ ಮಾತು, ಇಂಗ್ಲಿಷು ಶಾಲೆಯ ಮಾತು. ಕನ್ನಡ ಅಡುಗೆಮನೆಯಲ್ಲಿ ಉಳಿದರೂ ಕಣ, ರಾಶಿ, ಮಡಿಕೆ, ಮಿಣಿಗಳ ಕನ್ನಡ ಉಳಿಯುವುದಿಲ್ಲ. ಭಾಷೆ ಮೊದಲು ಕಳೆದುಕೊಳ್ಳುವುದು ಪದಗಳನ್ನಲ್ಲ, ಆ ಪದಗಳ ಮೂಲಕ ಬೇರೊಂದನ್ನು ಹೇಳುವ ಶಕ್ತಿಯನ್ನು. ಪದ ತಿಳಿದಿದ್ದೂ ಅದರ ಆಚೆಗೆ ದಾಟಲಾರದವನು ತನ್ನ ಭಾಷೆಯಲ್ಲಿಯೇ ಪರದೇಶಿಯಾಗುತ್ತಾನೆ.

ಆದ್ದರಿಂದ ಕನ್ನಡ ವಿಭಾಗಗಳ ಮುಂದಿರುವ ಕೆಲಸ ಕೇವಲ ಪಠ್ಯ ಪರಿಷ್ಕರಣೆಯದಲ್ಲ. ಕಲಬುರಗಿ, ಬೀದರ, ರಾಯಚೂರು ಸೀಮೆಗಳ ತತ್ವಪದ, ರಿವಾಯತ್ ಪದ, ಬೀಸುವ ಪದಗಳಲ್ಲಿ ಬರುವ ಉಪಮಾನಗಳನ್ನು ವಸ್ತುವಿನ ವಿವರಣೆಯೊಡನೆ ಸಂಗ್ರಹಿಸಬೇಕು. ಹಾಡುವವರು ಹೇಳುವ ಅರ್ಥವನ್ನು ಬರೆದಿಡಬೇಕು. ಉರ್ದು ಮತ್ತು ತೆಲುಗು ವಿಭಾಗಗಳೊಡನೆ ಕುಳಿತು ಒಂದೇ ಉಪಮಾನ ಮೂರು ಭಾಷೆಗಳಲ್ಲಿ ನಡೆದ ದಾರಿಯನ್ನು ಹುಡುಕಬೇಕು. ವಿದ್ಯಾರ್ಥಿ ತಾನು ಗುನುಗುವ ಹಾಡನ್ನು ಲಕ್ಷ್ಯವಾಗಿ ತರಲು ಅವಕಾಶವಿರಬೇಕು. ಅದು ಚಿತ್ರಗೀತೆಯಾಗಿದ್ದರೂ ಸರಿ, ಅದು ಸೋಲುವ ಹಾಡಾಗಿದ್ದರೂ ಸರಿ. ಒಂದು ರೂಪಕ ಏಕೆ ಸೋತಿತು ಎಂದು ಹೇಳಬಲ್ಲವನು, ಇನ್ನೊಂದು ಏಕೆ ಗೆದ್ದಿತು ಎಂಬುದನ್ನೂ ಬಲ್ಲ.

ಮಾನ್ಯಖೇಟದಲ್ಲಿ ಕುಳಿತು ಶ್ರೀವಿಜಯ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ದಂಡಿಯ ಶಾಸ್ತ್ರವನ್ನು ಒಂದು ಕೈಯಲ್ಲಿ ಹಿಡಿದು, ಕಾವೇರಿಯಿಂದ ಗೋದಾವರಿಯವರೆಗಿನ ಜನ ಹೇಗೆ ಮಾತನಾಡುತ್ತಾರೆಂದು ಇನ್ನೊಂದು ಕಿವಿಯಲ್ಲಿ ಕೇಳಿಸಿಕೊಂಡು, ಎರಡನ್ನೂ ಹೊಂದಿಸಲು ಅವನು ಯತ್ನಿಸಿದ. ಅವನ ಗ್ರಂಥವನ್ನು ಪಾಠವಾಗಿ ಓದುವುದರಿಂದ ಅವನಿಗೆ ಗೌರವ ಸಂದಂತಾಗುವುದಿಲ್ಲ. ಅವನ ಹಾಗೆ ಕಿವಿಗೊಟ್ಟು ಕೇಳಿದಾಗ ಮಾತ್ರ ಆ ಋಣ ಸ್ವಲ್ಪವಾದರೂ ತೀರೀತು.